ನಾಲಿಗೆಯಿಲ್ಲದ ಗಂಟೆ

ಕೆಟ್ಟು ನಿಂತದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಮನೆಗೆ ಹೋದರೆ ಹೆಣ್ಣುಗಂಡನ್ನು ನೋಡುವ ಮೊದಲು ಮೇಲೆ ಕರಕರ ಎನ್ನುವ ಫ್ಯಾನನ್ನು ನೋಡುತ್ತೇನೆ. ಒಮ್ಮೆ ಸಾವಿನ ಮನೆಯಲ್ಲಿ, ಹೆಣ ಇನ್ನೂ ಅಂಗಳದಲ್ಲಿರುವಾಗಲೇ, ನಿಂತುಹೋಗಿದ್ದ ಗೋಡೆ ಗಡಿಯಾರವನ್ನು ಇಳಿಸಿ, ಸೆಲ್ಲಿನ ತುದಿಯ ತುಕ್ಕು ಕೆರೆದು, ಓಡುವಂತೆ ಮಾಡಿ ಮತ್ತೆ ಮೊಳೆಗೆ ತಗುಲಿಹಾಕಿದ್ದೆ. ಸತ್ತವರ ಮನೆಯಲ್ಲಿ ಗಂಟೆ ಎಷ್ಟಾದರೆ ಯಾರಿಗೇನಾಗಬೇಕಿತ್ತು ಎಂದು ಹೆಂಡತಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದಳು. ಬೈಸಿಕೊಳ್ಳುವಾಗಲೂ ನನ್ನ ಕಿವಿ ಬಸ್ಸಿನ ಗೇರಿನ ಸದ್ದಿನ ಮೇಲೇ ಇತ್ತು. ಈ ಚಾಳಿಯಿಂದ ನನಗೆ ಅನ್ನ ಸಿಕ್ಕಿದೆ, ಒಂದಿಷ್ಟು ಮರ್ಯಾದೆಯೂ ಸಿಕ್ಕಿದೆ. ಇದರಿಂದಲೇ ಒಬ್ಬ ಕುರಿಗಾಹಿಯ ಬದುಕು ಎರಡು ವರ್ಷ ಹದಗೆಟ್ಟಿತು ಎಂಬುದನ್ನೂ ಈಗ ಒಪ್ಪಿಕೊಳ್ಳಬೇಕಾಗಿದೆ.

ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಗಡಿಯಾರದಿಂದ ಶುರುವಾಗಿ, ರೇಡಿಯೋ, ಟೇಪ್ ರೆಕಾರ್ಡರ್, ಮಿಕ್ಸಿಗಳನ್ನು ದಾಟಿ, ಈಗ ತಲೆಗೆ ಕಟ್ಟಿಕೊಳ್ಳುವ ಟಾರ್ಚಿಗೆ ಬಂದು ನಿಂತಿದೆ. ಊರಿಗೆಲ್ಲ ನಾನು ರಿಪೇರಿ ಅಣ್ಣ; ನನ್ನ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನೀವು ಯಾವ ರಿಪೇರಿ ಅಂಗಡಿಗೆ ಹೋದರೂ ಒಮ್ಮೆ ತಲೆಯೆತ್ತಿ ಮೇಲಿನ ಹಲಗೆಯನ್ನು ನೋಡಿ. ಕೊಟ್ಟವರು ವಾಪಸು ಬಾರದ ಸಾಮಾನುಗಳು ಅಲ್ಲಿರುತ್ತವೆ. ನನ್ನ ಹಲಗೆಯ ಮೇಲೆ ಹದಿನಾಲ್ಕು ಕೈಗಡಿಯಾರಗಳಿವೆ, ಎಲ್ಲವೂ ರಿಪೇರಿಯಾಗಿವೆ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಅವುಗಳ ಒಡೆಯರು ಮರೆತರೋ ಸತ್ತರೋ ನನಗೆ ತಿಳಿಯದು. ಒಬ್ಬನೇ ಕೂತಿರುವಾಗ ಆ ಟಿಕ್ ಟಿಕ್ ಕೇಳಲು ಅಷ್ಟೇನೂ ಹಿತವಲ್ಲ.

ಆ ಹಲಗೆಗೆ ಹೋಗಬೇಕಾಗಿದ್ದ ಸಾಮಾನೇ ಈ ಯಂತ್ರ. ನಾಲ್ಕು ವರ್ಷದ ಹಿಂದೆ ಒಬ್ಬ ತಂದುಕೊಟ್ಟ. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಬಿಲ್ಲೆ, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನು. ಮಣ್ಣಿನೊಳಗಿನ ಲೋಹ ಹುಡುಕುತ್ತದೆ, ಬೋರ್‌ವೆಲ್ ಪೈಪು ಹುಡುಕಲು ಬೇಕು ಎಂದ. ಪೈಪು ಹುಡುಕುವವನ ಉಗುರಿನಲ್ಲಿ ಕುಂಕುಮ, ಅಂಗಿಯ ಮೇಲೆ ನಿಂಬೆಹಣ್ಣಿನ ರಸ ಏಕಿರಬೇಕು ಎಂದು ನನಗೆ ಅನುಮಾನ ಬಂತು. ನಮ್ಮ ಕಡೆ ನಿಧಿಯ ಹುಚ್ಚಿಗೇನೂ ಬರವಿಲ್ಲ. ಪಾಳುಗುಡಿಯ ಬಸವಣ್ಣನನ್ನು ಬುಡಮೇಲು ಮಾಡಿ ಅಗೆದು ಹೋದವರ ಸುದ್ದಿ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಗುರುವಾರ ಬರುತ್ತೇನೆ ಎಂದು ಹೋದವನು ಯಾವ ಗುರುವಾರವೆಂದು ಹೇಳಲಿಲ್ಲ. ಅವನ ಫೋನೂ ಸತ್ತಿತ್ತು. ವರ್ಷ ಕಾದು, ಒಂದು ಭಾನುವಾರ ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಊರ ಹೊರಗೆ ಒಯ್ದೆ. ಅಂದಿನಿಂದ ನನ್ನ ಭಾನುವಾರಗಳು ಕಾಡಿನ ಪಾಲಾದವು.

ನಿಮಗೆ ನನ್ನ ಮೇಲೆ ಅನುಮಾನ ಬೇಡ. ಕೋಟೆ, ಗುಡಿ, ಶಾಸನದ ಕಲ್ಲು, ಇವುಗಳ ಹತ್ತಿರ ನಾನು ಸುಳಿಯುವುದಿಲ್ಲ. ಅಲ್ಲಿ ಅಗೆಯುವುದು ಕಾನೂನಿಗೆ ವಿರುದ್ಧ, ಮೇಲಾಗಿ ನನಗೆ ಪೊಲೀಸರೆಂದರೆ ಭಯ. ನಾಣ್ಯವೇನಾದರೂ ಸಿಕ್ಕರೆ ತಾಲ್ಲೂಕು ಕಚೇರಿಗೆ ಒಪ್ಪಿಸುವುದೆಂದು ಮೊದಲೇ ತೀರ್ಮಾನಿಸಿದ್ದೆ. ಒಮ್ಮೆ ಒಪ್ಪಿಸಲು ಹೋದೆ ಕೂಡ. ಆನೆಯ ಚಿತ್ರವಿದ್ದ ಒಂದು ತಾಮ್ರದ ಕಾಸು. ಅಲ್ಲಿದ್ದ ಗುಮಾಸ್ತರು ಅದನ್ನು ಯಾವ ರಿಜಿಸ್ಟರಿನಲ್ಲಿ ಬರೆಯಬೇಕೆಂದು ತಿಳಿಯದೆ ಅರ್ಧ ದಿನ ಒದ್ದಾಡಿ, ಇನ್ನು ಮುಂದೆ ಏನೂ ಸಿಗದ ಕಡೆ ಹುಡುಕಿ ಎಂದು ಕೈಮುಗಿದರು. ಅವರ ಮಾತಿನಂತೆ ನಾನು ಕುರುಚಲು ಕಾಡಿಗೆ ಹೋದೆ. ಮಧುಗಿರಿಯಿಂದ ಪಾವಗಡದ ಕಡೆಗೆ ಹೋದರೆ ಮಿಡಿಗೇಶಿಯ ಆಚೀಚೆ ಜಾಲಿ, ಕಾರೆ, ತಂಗಡಿ, ನಡುವೆ ಆನೆಗಾತ್ರದ ಬಂಡೆಗಳು, ಬಂಡೆಯ ಸಂದಿನಲ್ಲಿ ಕರಡಿ.

ಕರಡಿಯ ಭಯಕ್ಕಿಂತ ವಿಚಿತ್ರವಾದ ಭಯವೊಂದು ಹೆಡ್‌ಫೋನು ಹಾಕಿಕೊಂಡಾಗ ಹತ್ತುತ್ತದೆ. ಹೊರಗಿನ ಹಕ್ಕಿ, ಗಾಳಿ, ದೂರದ ಲಾರಿ ಎಲ್ಲ ಒಮ್ಮೆಗೇ ಆರಿಹೋಗಿ ನೆಲದ ಸದ್ದೊಂದೇ ಉಳಿಯುತ್ತದೆ. ಕಬ್ಬಿಣವಿದ್ದರೆ ಕೆಳಗಿನಿಂದ ಗುರ್ ಎನ್ನುತ್ತದೆ, ಕಂಚು ಹಿತ್ತಾಳೆಗಳಿದ್ದರೆ ಸಣ್ಣ ದನಿಯಲ್ಲಿ ಕೂಗುತ್ತದೆ. ಮಟಮಟ ಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲು, ಕಾಲಬುಡದಲ್ಲಿ ನೆರಳಿಲ್ಲ, ಮಾತಾಡುವವರೆಲ್ಲ ಮಣ್ಣಿನ ಒಳಗಿದ್ದಾರೆ. ದೆವ್ವ ತಿರುಗುವ ಹೊತ್ತೆಂದು ನಮ್ಮಮ್ಮ ಮಧ್ಯಾಹ್ನವನ್ನೇಕೆ ಹೇಳುತ್ತಿದ್ದಳೆಂದು ನನಗೆ ಅರವತ್ತರ ಮೇಲೆ ಗೊತ್ತಾಯಿತು.

ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಗುಟ್ಕಾ ಚೀಟಿಯ ಬೆಳ್ಳಿಹಾಳೆ, ಬಿಯರ್ ಬಾಟಲಿಯ ಮುಚ್ಚಳ. ಸಾವಿರ ವರ್ಷ ಕಳೆದ ಮೇಲೆ ನಮ್ಮ ಕಾಲವನ್ನು ಯಾರಾದರೂ ಅಗೆದು ನೋಡಿದರೆ, ಈ ಜನ ಏನನ್ನೋ ಅಗಿದು ಉಗುಳುತ್ತಲೇ ಸತ್ತರು ಎಂದುಕೊಳ್ಳುತ್ತಾರೆ. ಉಳಿದದ್ದು ಲಾಳ. ಎತ್ತಿನ ಗೊರಸು ಸೀಳಾದ್ದರಿಂದ ಅದರ ಲಾಳ ಎರಡು ಹೋಳು, ಕುದುರೆಯದಾದರೆ ಒಂದೇ. ಈ ಒಂದು ಸಂಗತಿ ತಿಳಿದ ಮೇಲೆ ನಾನು ಪಂಡಿತನಾದೆ. ಕುಲುಮೆಯಲ್ಲಿ ಬಡಿದ ಮೊಳೆಗೆ ಚೌಕ ಮೈ, ಯಂತ್ರದ ಮೊಳೆಗೆ ದುಂಡು ಮೈ. ಒನಕೆಯ ತುದಿಯ ಕಬ್ಬಿಣದ ಬಳೆಯನ್ನು ಮೊದಲ ಸಲ ಕಂಡಾಗ ಕೈದಿಯ ಕೋಳವೆಂದು ತಿಳಿದು ಎರಡು ದಿನ ಮರುಗಿದೆ. ಆಮೇಲೆ ಹೆಂಡತಿ, ಇದು ನಮ್ಮಜ್ಜಿ ಭತ್ತ ಕುಟ್ಟುತ್ತಿದ್ದ ಒನಕೆಯದು ಎಂದು ನನ್ನ ಕೈದಿಯನ್ನು ಬಿಡುಗಡೆ ಮಾಡಿದಳು.

ಒನಕೆಯ ಬಳೆ ಕಾಡಿನ ನಡುವೆ ಹೇಗೆ ಬಂತು ಎಂದು ಕೇಳುತ್ತೀರಿ. ನಾನೂ ಕೇಳಿದೆ. ಕಂದಾಯದ ದಾಖಲೆಗಳಲ್ಲಿ ಬೇಚಿರಾಕು ಗ್ರಾಮ ಎಂಬ ಮಾತೊಂದಿದೆ. ಪಾರಸಿಯಿಂದ ಬಂದದ್ದು, ದೀಪವಿಲ್ಲದ್ದು ಎಂದು ಅರ್ಥ. ಊರಿನ ಹೆಸರಿದೆ, ಗಡಿಯಿದೆ, ಸರ್ವೆ ನಂಬರಿದೆ, ಸಂಜೆ ದೀಪ ಹಚ್ಚುವವರು ಮಾತ್ರ ಇಲ್ಲ. ಬರವೋ ಬೇನೆಯೋ ದಂಡೋ ಬಂದು ಜನ ಎದ್ದು ಹೋಗಿ, ಬೀದಿಗಳಲ್ಲಿ ಕಾರೆ ಬೆಳೆದು, ಅದನ್ನೀಗ ಕಾಡು ಎನ್ನುತ್ತೇವೆ. ಸಿರಾ, ಕೊರಟಗೆರೆಗಳ ಕಡೆಯೂ ಇಂಥವು ಬೇಕಾದಷ್ಟಿವೆ. ಇದನ್ನು ತಿಳಿದ ಮೇಲೆ ಕಾಡಿನಲ್ಲಿ ನಡೆಯುವಾಗ ನಾನು ಯಾರದೋ ಅಡುಗೆಮನೆಯಲ್ಲಿ ಚಪ್ಪಲಿ ಹಾಕಿಕೊಂಡು ನಡೆಯುತ್ತಿದ್ದೇನೆ ಎನ್ನಿಸಿ ಕಾಲು ಹಿಂಜರಿಯುತ್ತದೆ. ಹಿಂಜರಿದರೂ ನಡೆಯುವುದನ್ನು ಬಿಟ್ಟವನಲ್ಲ.

ಇಂಥ ಒಂದು ಭಾನುವಾರ, ಎರಡು ವರ್ಷದ ಹಿಂದೆ, ಒಂದು ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದು ಎದ್ದು ಹತ್ತು ಮಾರು ಹೋಗುವಷ್ಟರಲ್ಲಿ ಯಂತ್ರ ಸಣ್ಣ ದನಿಯಲ್ಲಿ ಕೂಗಿತು. ಮೊಳದಷ್ಟು ಅಗೆದೆ. ಒಂದು ಚಪ್ಪಟೆ ಕಲ್ಲಿನ ಮೇಲೆ, ಬಾಯಿ ಮೇಲಾಗಿ, ಲೋಟದಷ್ಟು ಎತ್ತರದ ಕಂಚಿನ ಗಂಟೆ ಕೂತಿತ್ತು. ಬಿದ್ದಿರಲಿಲ್ಲ, ಕೂತಿತ್ತು. ಬಾಯಿಯ ತುಂಬ ಕುರಿಯ ಉಣ್ಣೆ ಒತ್ತಿ ತುಂಬಿತ್ತು. ನಾನು ಉಣ್ಣೆಯನ್ನು ಕಿತ್ತು ಎಸೆದೆ. ಒಳಗೆ ನಾಲಿಗೆ ತೂಗುಹಾಕುವ ಬಳೆ ಗಟ್ಟಿಯಾಗಿಯೇ ಇತ್ತು, ನಾಲಿಗೆ ಇರಲಿಲ್ಲ. ಪಂಡಿತನಲ್ಲವೇ ನಾನು, ಕಬ್ಬಿಣದ ನಾಲಿಗೆ ತುಕ್ಕು ಹಿಡಿದು ಉದುರಿಹೋಗಿದೆ ಎಂದು ತೀರ್ಮಾನಿಸಿದೆ. ಹಾಗೆ ಉದುರಿದ್ದರೆ ತುಕ್ಕಿನ ಪುಡಿ ಎಲ್ಲಿ ಎಂದು ಆ ತಲೆಗೆ ಹೊಳೆಯಲಿಲ್ಲ. ಮೈಯೆಲ್ಲ ಹಸಿರು ಕಿಲುಬು ಹಿಡಿದಿತ್ತು, ಅಂಚಿನ ಸುತ್ತ ಚುಕ್ಕಿಗಳ ಸಾಲು. ಪಾಳೆಯಗಾರರ ಕಾಲದ್ದು, ಮುನ್ನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದು ಅಲ್ಲೇ ನಿಂತು ಘೋಷಿಸಿದೆ. ಕೇಳಲು ಒಂದು ಓತಿಕ್ಯಾತ ಬಿಟ್ಟು ಯಾರೂ ಇರಲಿಲ್ಲ.

ಅಷ್ಟು ಹಳೆಯದಾದರೆ ತಾಲ್ಲೂಕು ಕಚೇರಿಗೆ ಒಪ್ಪಿಸಬೇಕಿತ್ತಲ್ಲ ಎನ್ನುತ್ತೀರಿ. ನಾಣ್ಯವಲ್ಲವಲ್ಲ ಎಂದು ಮನಸ್ಸು ನೆಪ ಹೇಳಿತು. ಆಸೆ ಬಿದ್ದಾಗ ಮನಸ್ಸು ವಕೀಲನಾಗುತ್ತದೆ. ಆ ಸಂಭ್ರಮದಲ್ಲಿ ಸುತ್ತಮುತ್ತ ಮತ್ತೆ ಯಂತ್ರ ಆಡಿಸದೆ ನೇರ ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿದೆ. ನಾಲಿಗೆಯಿಲ್ಲದ ಗಂಟೆಯನ್ನು ನೋಡುತ್ತ ಕೂರುವುದು ನನ್ನಿಂದಾಗದು. ಹಳೆಯ ಮೋಟಾರಿನ ಬೋಲ್ಟೊಂದನ್ನು ಅರ ಹಾಕಿ ಉಜ್ಜಿ, ತಂತಿಯಲ್ಲಿ ತೂಗುಹಾಕಿದೆ. ಕೈಯಾಡಿಸಿದರೆ ಆಹಾ, ಬೀದಿಯ ಆ ತುದಿಗೆ ಕೇಳುವ ನಾದ. ಅಂಗಡಿಯ ಬಾಗಿಲಿಗೆ ಕಟ್ಟಿದೆ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದು ಒಮ್ಮೆ, ಸಂಜೆ ದೀಪ ಹಚ್ಚಿ ಒಮ್ಮೆ ಬಾರಿಸುವುದು ನನ್ನ ನೇಮವಾಯಿತು. ಬಂದ ಗಿರಾಕಿಗಳಿಗೆಲ್ಲ ಪಾಳೆಯಗಾರರ ಕಥೆ ಹೇಳಿದೆ. ಒಂದನ್ನು ಮಾತ್ರ ಮಾಡಲಿಲ್ಲ: ಅದು ಸಿಕ್ಕ ಜಾಗವನ್ನು ಬರೆದಿಡಲಿಲ್ಲ.

ಕಳೆದ ಸಂಕ್ರಾಂತಿ ಮುಗಿದ ವಾರ, ಬೈಪಾಸಿನಲ್ಲಿ ಕೆಲಸ ನಡೆಯುತ್ತಿತ್ತೆಂದು ಕುರಿಮಂದೆಯೊಂದು ನಮ್ಮ ಬೀದಿಯೊಳಗೆ ಹಾದುಹೋಗುತ್ತಿತ್ತು. ನಾನು ಬಾಗಿಲು ತೆಗೆದು ಎಂದಿನಂತೆ ಗಂಟೆ ಬಾರಿಸಿದೆ. ಮಂದೆ ನಿಂತಿತು. ನೂರಕ್ಕೂ ಮೇಲಿದ್ದ ಕುರಿಗಳು ಒಟ್ಟಿಗೆ ತಲೆಯೆತ್ತಿದವು. ಆಮೇಲೆ ಮೆಲ್ಲಗೆ, ಗದ್ದಲವಿಲ್ಲದೆ, ನನ್ನ ಅಂಗಡಿಯ ಕಡೆಗೆ ತಿರುಗಿ ನಡೆದು ಬಂದವು. ಮೆಟ್ಟಿಲು ತುಂಬಿತು, ಚರಂಡಿಯ ಕಲ್ಲು ತುಂಬಿತು, ಎದುರಿನ ಬೇಕರಿಯ ಬಾಗಿಲವರೆಗೂ ಕುರಿಗಳು. ಒಂದೂ ಬ್ಯಾ ಅನ್ನಲಿಲ್ಲ. ಎಲ್ಲವೂ ಗಂಟೆಯನ್ನೇ ನೋಡುತ್ತಿದ್ದವು. ಕುರಿಯ ಕಣ್ಣಿನ ಪಾಪೆ ಅಡ್ಡಡ್ಡ ಇರುತ್ತದೆಂದು ನಾನು ಗಮನಿಸಿದ್ದು ಅವತ್ತೇ. ಅಷ್ಟೊಂದು ಅಡ್ಡಗೆರೆಗಳು ಒಟ್ಟಿಗೆ ನೋಡಿದರೆ ಬೆನ್ನಿನಲ್ಲಿ ಚಳಿ ಹುಟ್ಟುತ್ತದೆ.

ಮಂದೆಯ ಹಿಂದೆ ಬಂದ ಹೆಂಗಸು ಮೆಟ್ಟಿಲ ಹತ್ತಿರ ನಿಂತಳು. ಐವತ್ತೈದರ ಆಸುಪಾಸು, ಹೆಗಲ ಮೇಲೆ ಕಂಬಳಿ. ಅವಳ ಹೆಸರು ಈರಕ್ಕ ಎಂದು ಆಮೇಲೆ ತಿಳಿಯಿತು. ತವರು ನಾಗಲಮಡಿಕೆಯಾದ್ದರಿಂದ ಗಾಬರಿಯಾದಾಗ ತೆಲುಗು ಮೊದಲು ಬರುತ್ತಿತ್ತು.

“ಆ ಗಂಟ ಮಾದಿ,” ಎಂದಳು. ಆಮೇಲೆ ಕನ್ನಡಕ್ಕೆ ತಿರುಗಿ, “ನಮ್ ಕೆಂಚಂದು. ಅವ್ನು ಸತ್ತು ಮೂರು ವರ್ಸ ಆತು. ಅದ್ಕೆ ನಾಲ್ಗೆ ಯಾರ್ ಕೊಟ್ರು?” ಎಂದು ಕೇಳಿದಳು.

ಕೆಂಚ ಯಾರೋ ಮನುಷ್ಯನೆಂದು ತಿಳಿದು ನಾನು ಅರ್ಧ ನಿಮಿಷ ಉಸಿರು ಬಿಡಲಿಲ್ಲ. ಆಮೇಲೆ ತಿಳಿಯಿತು, ಅದು ಟಗರು. ಮಂದೆಯ ಮುಂದೆ ನಡೆಯುತ್ತಿದ್ದ ಟಗರು. ಮುನ್ನೂರು ವರ್ಷದ ನನ್ನ ಪಾಳೆಯಗಾರರ ಗಂಟೆಯನ್ನು ಈರಕ್ಕ ಹತ್ತು ವರ್ಷದ ಹಿಂದೆ ಹಿಂದೂಪುರದ ಸಂತೆಯಲ್ಲಿ ಕೊಂಡಿದ್ದಳು. ಚೌಳು ಮಣ್ಣಿನಲ್ಲಿ ಒಂದೇ ವರ್ಷ ಇದ್ದರೆ ಕಂಚಿಗೆ ಮುನ್ನೂರು ವರ್ಷದ ಮುಪ್ಪು ಬರುತ್ತದೆ ಎಂಬುದು ಪಂಡಿತರಿಗೆ ಗೊತ್ತಿರಲಿಲ್ಲ.

ಅವಳ ಗಂಡ ಕ್ಯಾತಣ್ಣ ಮಂದೆಯ ಮುಂದಿದ್ದ. ಕುರಿಗಳು ಹಿಂದೆ ಬರುತ್ತಿಲ್ಲವೆಂದು ತಿರುಗಿ ನೋಡಿ, ಕುಂಟುತ್ತ ವಾಪಸು ಬಂದ. ಬಂದವನು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತನ್ನ ಮನೆತನದ ರೂಢಿಯನ್ನು ಹೇಳಿದ. ಮುಂದೆ ನಡೆಯುವ ಟಗರು ಸತ್ತರೆ ಅದರ ಗಂಟೆಯ ನಾಲಿಗೆ ಕೀಳುತ್ತಾರೆ. ಗಂಟೆಯ ಬಾಯಿಗೆ ಆ ಮಂದೆಯದೇ ಉಣ್ಣೆ ತುಂಬಿ, ಹಿಂದಿನ ಗಂಟೆಗಳ ಸಾಲಿನಲ್ಲೇ ಮಲಗಿಸುತ್ತಾರೆ. ನಾಲಿಗೆಯನ್ನು ಅಲ್ಲಿಂದ ಮೂಡಲಿಗೆ ಇಪ್ಪತ್ತೊಂದು ಹೆಜ್ಜೆ ದೂರದಲ್ಲಿ ಹೂಳುತ್ತಾರೆ, ಒಂದಕ್ಕೊಂದು ಸೇರಬಾರದೆಂದು. ಹಳೆಯ ಗಂಟೆ ಮಲಗದೆ ಹೊಸ ಗಂಟೆ ಕಟ್ಟಿದರೆ ಮಂದೆ ಸತ್ತವನ ಹಿಂದೆ ಹೋಗುತ್ತದೆ ಎಂಬ ನಂಬಿಕೆ. ಆ ಸಾಲು ಎಲ್ಲಿದೆ ಎಂಬುದು ಮನೆಯ ಹಿರಿಯನಿಗೊಬ್ಬನಿಗೇ ಗೊತ್ತಿರಬೇಕು. ಅವನು ಸಾಯುವ ಮುಂಚೆ ಮುಂದಿನವನಿಗೆ ತೋರಿಸುತ್ತಾನೆ. ಕೆಂಚನ ಗಂಟೆ ಮಲಗಿಸಿದ್ದು ಕ್ಯಾತಣ್ಣನ ಅಣ್ಣ. ಆ ಅಣ್ಣ ಅದೇ ವರ್ಷ ಟಿ.ವಿ. ನೋಡುತ್ತ ಕೂತಲ್ಲೇ ಹೋದ. ತೋರಿಸಲು ಹೊತ್ತು ಸಿಗಲಿಲ್ಲ.

ಎರಡು ವರ್ಷದಿಂದ ಮೂರು ಟಗರಿಗೆ ಗಂಟೆ ಕಟ್ಟಿದ್ದಾರೆ. ಒಂದೂ ಮುಂದೆ ನಡೆದಿಲ್ಲ. ಮಂದೆ ಇದ್ದಕ್ಕಿದ್ದಂತೆ ನಿಂತು, ತಲೆಯೆತ್ತಿ, ಏನನ್ನೋ ಕೇಳಿಸಿಕೊಳ್ಳುತ್ತದೆ. ಹೀಗಾಗಿ ಕ್ಯಾತಣ್ಣ ತಾನೇ ಟಗರಿನ ಜಾಗದಲ್ಲಿ ಮುಂದೆ ನಡೆಯುತ್ತಿದ್ದಾನೆ. ಹಟ್ಟಿಯವರು ಅವನನ್ನೇ ಟಗರಪ್ಪ ಎಂದು ಕರೆಯಲು ಶುರುಮಾಡಿದ್ದರು. ಮಂಡಿ ಸವೆದಿದೆ, ಇನ್ನು ನಡೆಯಬಾರದು ಎಂದು ಡಾಕ್ಟರು ಹೇಳಿದ್ದರು. ಮುಂದಿನ ತಿಂಗಳು ಮಂದೆ ಹೊರಡಬೇಕು, ಕುಯ್ಲು ಮುಗಿದ ಹೊಲಗಳಲ್ಲಿ ತಂಗುತ್ತ ಮೂರು ತಿಂಗಳು ನಡೆಯಬೇಕು. ಅಷ್ಟರಲ್ಲಿ ಒಂದು ಟಗರು ಮುಂದೆ ನಡೆಯದಿದ್ದರೆ ಮಂದೆಯನ್ನೆಲ್ಲ ಸಿರಾದ ಸಂತೆಗೆ ಹೊಡೆಯುವುದೊಂದೇ ದಾರಿ ಎಂದ.

ದಿನದಲ್ಲಿ ಯಾವ ಹೊತ್ತಿಗೆ ಅವು ಹಾಗೆ ತಲೆಯೆತ್ತಿ ಕೇಳಿಸಿಕೊಳ್ಳುತ್ತವೆ ಎಂದು ಕೇಳಿದೆ. ಹೊತ್ತೇರಿದ ಮೇಲೆ ಒಂದ್ಸಲ, ದೀಪ ಹಚ್ಚೋ ಹೊತ್ನಲ್ಲಿ ಒಂದ್ಸಲ ಎಂದ. ಅವರ ಹಟ್ಟಿಗೂ ನನ್ನ ಅಂಗಡಿಗೂ ನಡುವೆ ಎರಡು ಬೆಟ್ಟ, ಒಂದು ಕೆರೆ, ಹನ್ನೆರಡು ಮೈಲಿ ಇದೆ. ಗಂಟೆಯನ್ನು ಬಾಗಿಲಿನಿಂದ ಬಿಚ್ಚಿ ಟವೆಲಿನಲ್ಲಿ ಸುತ್ತಿದೆ.

ಕ್ಯಾತಣ್ಣ ಅದನ್ನು ಕೈಯಲ್ಲಿ ಮುಟ್ಟಲಿಲ್ಲ. “ಇದ ನಾನ್ ತಗಂಡೋಗಿ ಏನ್ ಮಾಡ್ಲಿ? ಅದ್ರ ಗುಂಡೀಗೇ ಅದು ಹೋಗ್ಬೇಕು,” ಎಂದ. “ಆ ಜಾಗ ಗೊತ್ತಿದ್ದೋರು ಇಬ್ರೇಯ. ಒಬ್ಬ ನಮ್ಮಣ್ಣ, ಹೋಗ್ಬುಟ್ಟ. ಇನ್ನೊಬ್ರು ನೀವು.”

ನನಗೆ ಜಾಗ ನೆನಪಿಲ್ಲ ಎಂಬುದೇ ನನ್ನ ಜೀವನದಲ್ಲಿ ನಾನು ಹೇಳಿದ ಅತಿ ಕಷ್ಟದ ಮಾತು. ಚಿತ್ರಾನ್ನಕ್ಕೆ ಒಗ್ಗರಣೆ ಸೀದಿತ್ತು ಎಂಬುದು ನೆನಪಿತ್ತು, ಬಂಡೆಯ ಹತ್ತಿರ ದೊಣೆಯೊಂದರಲ್ಲಿ ಮಳೆನೀರು ನಿಂತಿತ್ತು, ಎಡಕ್ಕೆ ಮಿಡಿಗೇಶಿಯ ಬೆಟ್ಟ ಕಾಣುತ್ತಿತ್ತು. ಅಷ್ಟೇ. ಮಿಡಿಗೇಶಿಯ ಬೆಟ್ಟ ಎಡಕ್ಕೆ ಕಾಣುವ ಬಂಡೆಗಳು ಆ ಕಾಡಿನಲ್ಲಿ ಸಾವಿರ ಇವೆ. ನನ್ನ ಯಂತ್ರವಾದರೋ ಇರುವುದನ್ನು ಹುಡುಕುತ್ತದೆ, ಇದ್ದು ಹೋದದ್ದರ ಜಾಗವನ್ನು ಹುಡುಕುವುದಿಲ್ಲ. ಹಾಗೆಂದು ಕ್ಯಾತಣ್ಣನಿಗೆ ವಿವರಿಸುತ್ತಿರುವಾಗ ಈರಕ್ಕ ನಡುವೆ ಬಾಯಿ ಹಾಕಿ, ನಾಲಿಗೆ, ಮಿಕ್ಕ ಗಂಟೆಗಳು ಅಲ್ಲೇ ಇರುತ್ತವಲ್ಲ, ಅವನ್ನು ಹುಡುಕಲಿ ಎಂದಳು. ಪಂಡಿತರಿಬ್ಬರೂ ಅವಳ ಮುಖ ನೋಡಿದೆವು.

ಮೊದಲ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತಾರು ಲಾಳದ ಹೋಳು, ನೇಗಿಲಿನ ಒಂದು ಗುಳ, ಲೆಕ್ಕವಿಲ್ಲದಷ್ಟು ಮುಚ್ಚಳ ಸಿಕ್ಕವು. ಎರಡನೆಯ ಭಾನುವಾರ ದೊಣೆಗಳು ಸಿಕ್ಕವು, ಒಂದಲ್ಲ, ಒಂಬತ್ತು. ಕ್ಯಾತಣ್ಣ ಕೋಲೂರಿಕೊಂಡು ನನ್ನ ಹಿಂದೆ ಬರುತ್ತಿದ್ದ. ಹೆಡ್‌ಫೋನು ಹಾಕಿಕೊಂಡ ನನಗೆ ಅವನ ಹೆಜ್ಜೆಯ ಸದ್ದು ಕೇಳುತ್ತಿರಲಿಲ್ಲ. ಆಗಾಗ ತಿರುಗಿ ನೋಡಿದರೆ ಅವನು ಇದ್ದಾನೆಂದು ಧೈರ್ಯ, ಅವನ ಮುಖ ನೋಡಿದರೆ ಆ ಧೈರ್ಯವೂ ಇಳಿಯುತ್ತಿತ್ತು. ಎರಡು ವಾರದಲ್ಲಿ ಅವನು ಒಂದು ಮಾತೂ ಆಡಿಕೊಳ್ಳಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೆಯ ಭಾನುವಾರ, ನೆರಳು ಕಾಲಬುಡಕ್ಕೆ ಬಂದ ಹೊತ್ತು, ಕಮರದ ಮರವೊಂದರ ಮೂಡಲಲ್ಲಿ ಯಂತ್ರ ಗುರ್ ಎಂದಿತು. ಮಂಡಿಯೂರಿ ಕೈಯಲ್ಲೇ ಅಗೆದೆ. ಬೆರಳುದ್ದದ ಕಬ್ಬಿಣ, ಒಂದು ತುದಿಯಲ್ಲಿ ಕೊಂಡಿ, ಇನ್ನೊಂದು ತುದಿ ಗುಂಡು. ಕ್ಯಾತಣ್ಣನಿಗೆ ತೋರಿಸಿದೆ. ಅವನು ಚಪ್ಪಲಿ ಬಿಟ್ಟು ದೂರ ಇಟ್ಟ. “ಮುಚ್ಬುಡಿ,” ಎಂದ, “ಕೆಂಚಂದೇಯ.”

ಮುಚ್ಚಿ, ಗುರುತಿಗೊಂದು ಬೆಣಚುಕಲ್ಲು ಇಟ್ಟು, ಯಂತ್ರವನ್ನು ಎತ್ತಿಕೊಳ್ಳುವಾಗ ಅದು ಪಕ್ಕದಲ್ಲೇ ಮತ್ತೆ ಗುರ್ ಎಂದಿತು. ಎರಡು ಮೊಳ ಸರಿದೆ, ಮತ್ತೊಂದು. ಮತ್ತೊಂದು. ಒಂದೇ ಅಂತರದಲ್ಲಿ, ಒಂದೇ ಸಾಲಿನಲ್ಲಿ, ಒಂದೊಂದೂ ಹಿಂದಿನದಕ್ಕಿಂತ ಸ್ವಲ್ಪ ಆಳದಿಂದ, ಸ್ವಲ್ಪ ಕ್ಷೀಣವಾಗಿ. ನಾನು ಕಲ್ಲು ಇಡುತ್ತ ಹೋದೆ. ಹನ್ನೊಂದು ಕಲ್ಲುಗಳಾದವು. ಹನ್ನೊಂದು ನಾಲಿಗೆಗಳು ಬಾಯಿಗಳಿಂದ ದೂರ, ಮಣ್ಣಿನಲ್ಲಿ ಸಾಲಾಗಿ ಮಲಗಿದ್ದವು. ಕ್ಯಾತಣ್ಣ ಸಾಲಿನ ಪಕ್ಕ ನಡೆಯುತ್ತ ಹೆಸರು ಹೇಳುತ್ತಿದ್ದ: ಕೆಂಚ, ಬೂದ, ಮುರುಕೊಂಬ. ಅವನಪ್ಪನ ಕಾಲದ ಮುರುಕೊಂಬನ ಆಚೆ ಅವನಿಗೂ ಗೊತ್ತಿರಲಿಲ್ಲ. ಉಳಿದ ಎಂಟು ಕಲ್ಲುಗಳ ಮುಂದೆ, ಇವ್ರು ಯಾರೋ ಎಂದು ಒಂದೊಂದಕ್ಕೂ ಕೈಮುಗಿದ.

ಅಲ್ಲಿಂದ ಪಡುವಲಿಗೆ ಇಪ್ಪತ್ತೊಂದು ಹೆಜ್ಜೆ. ಕ್ಯಾತಣ್ಣ ತನ್ನ ಮಂಡಿಯಲ್ಲಿ ಅಷ್ಟು ನಡೆದು ನಿಂತಲ್ಲಿ, ನಾನು ಬಿಲ್ಲೆಯನ್ನು ನೆಲಕ್ಕೆ ಹಿಡಿದೆ. ಈಗ ಸಣ್ಣ ದನಿ, ಕಂಚಿನ ದನಿ. ಆಳದ ತುದಿಯಿಂದ ಶುರುಮಾಡಿ ಸಾಲು ಹಿಡಿದು ಬಂದೆ. ಒಂದು, ಎರಡು, ಮೂರು. ಇಲ್ಲೊಂದು ಸಂಗತಿ ಹೇಳಿಬಿಡುತ್ತೇನೆ, ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಬೇಡ. ಪ್ರತಿ ಕೂಗಿಗೂ ನನ್ನ ಕೈ ತಾನಾಗಿ ಸೊಂಟದ ಸಲಿಕೆಗೆ ಹೋಗುತ್ತಿತ್ತು. ಆಳದಲ್ಲಿದ್ದದ್ದು ನಿಜವಾಗಿಯೂ ಪಾಳೆಯಗಾರರ ಕಾಲದ್ದೇ ಇರಬಹುದು. ಒಮ್ಮೆ ತೆಗೆದು ನೋಡಿ ಮತ್ತೆ ಇಡುತ್ತೇನೆ ಎಂದು ಕೇಳೋಣವೇ ಎನ್ನಿಸಿತು. ಕೇಳಲಿಲ್ಲ. ಹತ್ತು ಕಡೆ ಯಂತ್ರ ಕೂಗಿತು. ಹನ್ನೊಂದನೆಯ ಜಾಗಕ್ಕೆ ಬಂದಾಗ ಸುಮ್ಮನಾಯಿತು.

ಆ ಮೌನದ ಕೆಳಗೆ ಅಗೆದೆ. ಮಣ್ಣು ಸಡಿಲವಾಗಿತ್ತು. ಮೊಳದಾಳದಲ್ಲಿ ಚಪ್ಪಟೆ ಕಲ್ಲು. ಪಕ್ಕದ ಕಾರೆಯ ಮುಳ್ಳಿನಲ್ಲಿ, ಎರಡು ಮಳೆಗಾಲ ದಾಟಿದ ಉಣ್ಣೆಯ ಎಳೆಗಳು ಇನ್ನೂ ಸಿಕ್ಕಿಕೊಂಡಿದ್ದವು.

ನಾನು ಕೊಟ್ಟ ಬೋಲ್ಟಿನ ನಾಲಿಗೆಯನ್ನು ನಾನೇ ಕಿತ್ತೆ. ನಲವತ್ತು ವರ್ಷದ ಕಸುಬಿನಲ್ಲಿ ಸರಿಮಾಡಿದ್ದನ್ನು ಬೇಕೆಂದು ಕೆಡಿಸಿದ್ದು ಅದೊಂದೇ ಸಲ. ಕ್ಯಾತಣ್ಣ ಮಡಿಲಿನಿಂದ ಹೊಸ ಉಣ್ಣೆ ತೆಗೆದು ಗಂಟೆಯ ಬಾಯಿಗೆ ಒತ್ತಿ ತುಂಬಿ, ಮಗುವನ್ನು ಮಲಗಿಸುವಂತೆ ಎರಡೂ ಕೈಯಲ್ಲಿ ಕಲ್ಲಿನ ಮೇಲಿಟ್ಟ. ಮಣ್ಣೆಳೆದ. ಬೋಲ್ಟನ್ನೇನು ಮಾಡಲಿ ಎಂದೆ. ಅದು ನಮ್ದಲ್ಲ, ನೀವೇ ಮಡಿಕ್ಕಳಿ ಎಂದ. ಗುರುತಿನ ಬೆಣಚುಕಲ್ಲುಗಳನ್ನೆಲ್ಲ ಆರಿಸಿ ದೂರ ಎಸೆದೆವು.

ಈ ಸಲ ನಾನು ಬುದ್ಧಿವಂತನಾಗಿದ್ದೆ. ಹೊಸ ನೋಟ್‌ಬುಕ್ಕು ತಂದು, ದೊಣೆಯಿಂದ ಎಷ್ಟು ಹೆಜ್ಜೆ, ಕಮರದ ಮರದಿಂದ ಯಾವ ದಿಕ್ಕು, ಫೋನಿನಲ್ಲಿ ಬಂದ ಅಕ್ಷಾಂಶ ರೇಖಾಂಶ ಎಲ್ಲ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಹೆಮ್ಮೆಯಿಂದ ತೋರಿಸಿದೆ. ಕ್ಯಾತಣ್ಣ ಪುಟವನ್ನು ನೋಡಿ, ಹರಿಯಿರಿ ಎಂದ. ಬರೆದದ್ದು ಇನ್ನೊಬ್ಬ ಓದುತ್ತಾನೆ ಎಂದ. ಹರಿದೆ. ಚೂರುಗಳನ್ನು ಅವನೇ ಇಸಿದುಕೊಂಡು ಬಾಯಿಗೆ ಹಾಕಿ ಅಗಿದು ನುಂಗಿದ. ನಾನು ನೋಡುತ್ತಿದ್ದೆ. ಅವನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

ಆಮೇಲೆ ಕೇಳಿದ, “ನಿಮ್ಗೆ ವಯಸ್ಸೆಷ್ಟು?”

ಅರವತ್ತಮೂರು ಎಂದೆ. ತನಗೆ ಐವತ್ತೊಂಬತ್ತು ಇರಬಹುದು ಎಂದ.

“ಅಂಗಾರೆ ಈ ಸಾಲಿಗೆ ಈಗ ಹಿರೇರು ನೀವೇಯ,” ಎಂದ. “ನಮ್ಮಣ್ಣ ಹೋದಂಗೆ ನಾನೂ ಹೋಗ್ಬುಟ್ರೆ, ನಮ್ ಮಗ್ಳಿಗೆ ನೀವು ಇಲ್ಲಿಗಂಟ ಕರ್ಕಂಬಂದು ತೋರುಸ್ಬೇಕು. ಅಲ್ಲಿಗಂಟ ನೀವು ಹೋಗಂಗಿಲ್ಲ.”

ಅವನಿಗೆ ಒಬ್ಬಳೇ ಮಗಳು. ಬಲಸಮುದ್ರದ ಕಡೆ ಸೋಲಾರ್ ಹಲಗೆಗಳನ್ನು ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ, ರಜೆಯ ದಿನ ಮಂದೆ ನೋಡುತ್ತಾಳೆ. ಅವಳಿಗೆ ಈಗಲೇ ತೋರಿಸಬಾರದೇ ಎಂದರೆ, ಹೊತ್ತು ಬರಬೇಕು ಎಂದ. ನಾನು ಯಾರು, ಈ ಮನೆತನಕ್ಕೂ ನನಗೂ ಏನು ಸಂಬಂಧ ಎಂದು ಕೇಳಬೇಕೆನ್ನಿಸಿತು. ಅಗೆದವನು ನಾನೇ ಆದ್ದರಿಂದ ಬಾಯಿ ಬರಲಿಲ್ಲ. ಹೊರಡುವಾಗ ತಿರುಗಿ ನೋಡಬಾರದೆಂದು ಹೇಳಿದ. ಇಂಥದನ್ನೆಲ್ಲ ನಾನು ನಂಬುವವನಲ್ಲ. ಆದರೆ ಗಾಡಿಯವರೆಗೆ ನಡೆಯುವಾಗ ಬೆನ್ನ ಹಿಂದಿನ ಕಾಡು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಹೆಡ್‌ಫೋನು ತೆಗೆದಿದ್ದೇನೆಯೇ ಎಂದು ಎರಡು ಸಲ ಕಿವಿ ಮುಟ್ಟಿ ನೋಡಿಕೊಂಡೆ. ತಿರುಗಿ ನೋಡಲಿಲ್ಲ. ಹೆಲ್ಮೆಟ್ಟು ಬಿಗಿಯಾಗಿತ್ತು ಎಂದು ಇಟ್ಟುಕೊಳ್ಳಿ.

ಹತ್ತು ದಿನ ಕಳೆದು ಆ ಮಂದೆ ಮತ್ತೆ ನಮ್ಮ ಬೀದಿಯಲ್ಲಿ ಹಾದುಹೋಯಿತು. ಮುಂದೆ ಕರಿಯ ಟಗರೊಂದು, ಕೊರಳಲ್ಲಿ ಹೊಸ ಗಂಟೆ, ತಲೆ ಎತ್ತಿಕೊಂಡು ತನ್ನಪ್ಪನ ಬೀದಿ ಎಂಬಂತೆ ನಡೆಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಕುರಿಯೂ ನನ್ನ ಅಂಗಡಿಯ ಕಡೆ ನೋಡಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು. ಎಲ್ಲದರ ಹಿಂದೆ ಕ್ಯಾತಣ್ಣ ಒಂದು ಲಗೇಜ್ ಆಟೋದಲ್ಲಿ ಪಾತ್ರೆ ಕಂಬಳಿಗಳ ನಡುವೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿದ್ದ ಈರಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಊಟ ಸರಿಯಾಗಿ ಮಾಡುತ್ತೀರೋ ಇಲ್ಲವೋ ಎಂದು ಕೇಳಿದಳು. ಅದು ಪ್ರೀತಿಯ ಮಾತಲ್ಲ, ತಪಾಸಣೆ ಎಂದು ನನಗೆ ಗೊತ್ತಾಯಿತು.

ಅಲ್ಲಿಂದೀಚೆಗೆ ನಾನು ದಿನಾ ಬೆಳಗ್ಗೆ ಬಾಗಿಲು ತೆಗೆದು ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆದು ಬರುತ್ತೇನೆ. ದೊಣೆ, ಕಮರದ ಮರ, ಹನ್ನೊಂದು, ಇಪ್ಪತ್ತೊಂದು. ಮರೆತರೆ ಹೇಗೆ ಎಂಬ ಭಯಕ್ಕೆ ಬಾದಾಮಿ ತಿನ್ನುತ್ತೇನೆ. ಬಿ.ಪಿ. ಮಾತ್ರೆಯನ್ನು ಹನ್ನೆರಡು ವರ್ಷ ಹೆಂಡತಿ ಹಿಂದೆ ಬಿದ್ದು ನುಂಗಿಸುತ್ತಿದ್ದಳು. ಈಗ ನಾನೇ ಕೇಳಿ ನುಂಗುತ್ತೇನೆ. ಗಾಡಿ ನಿಧಾನವಾಗಿ ಓಡಿಸುತ್ತೇನೆ, ಉಪ್ಪಿನಕಾಯಿ ಬಿಟ್ಟಿದ್ದೇನೆ. ಮುದುಕನಿಗೆ ಇದ್ದಕ್ಕಿದ್ದಂತೆ ಜೀವದ ಮೇಲೆ ಇಷ್ಟು ಆಸೆ ಏಕೆ ಬಂತೆಂದು ಅವಳಿಗೆ ಆಶ್ಚರ್ಯ, ಸಂತೋಷವೂ ಇರಬೇಕು. ಎರಡು ಸಲ ಕೇಳಿದಳು. ನಾನು ಕಾರಣ ಹೇಳಿಲ್ಲ. ಹೇಳಿದರೆ ಅವಳು ಎಲ್ಲಿ ಎಂದು ಕೇಳದೆ ಬಿಡುವವಳಲ್ಲ, ಆ ಜಾಗ ಗೊತ್ತಿರುವವರು ಮೂವರಾಗುತ್ತೇವೆ.